ಹೆಬ್ಬಾತಿಗೆ ಹೆದರಿದ ಧಣಿ, ಕಲ್ಲುಕುಟಿಗ ವೆಹೆಮ್ಕಾ

ವೆಹೆಮ್ಕಾ ಕಲ್ಲಿನ ಕೆಲಸಕ್ಕೆ ಸೇರಿದ್ದು ಒಂದು ಹಸುವನ್ನು ನೋಡಿ ನಕ್ಕಿದ್ದರಿಂದ. ಆ ಹಸು ಇದ್ದದ್ದು ಗೋಡೆಯ ಮೇಲೆ.

ಆಗ ಅವನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಬಡಗಣ ಜೌಗಿನಲ್ಲಿ ದನ ಕಾಯುವವರ ಮಗ. ತಲೆಯ ಮೇಲೆ ಜೊಂಡಿನ ಪೊದೆಯಂಥ ಕೂದಲು, ಸೊಂಟಕ್ಕೆ ಹಳೇ ಚಾಪೆಯ ತುಂಡು, ಮೊಣಕಾಲಿನ ತನಕ ಒಣಗಿದ ಕೆಸರು. ಯಾರೋ ದೊಡ್ಡವರ ಸಾವಿನ ಸಂಸ್ಕಾರಕ್ಕೆಂದು ಒಂದು ಎತ್ತನ್ನು ಹೊಡೆದುಕೊಂಡು ಬಿಳಿಗೋಡೆ ಪಟ್ಟಣಕ್ಕೆ ಬಂದಿದ್ದ. ಪಟ್ಟಣದ ಪಡುವಣ ಮರಳುದಿಣ್ಣೆಯ ಮೇಲೆ ಗೋರಿಗಳ ಸಾಲು. ಅಲ್ಲಿಯ ದೊಡ್ಡವರಿಗೆ ಬದುಕಿರುವಷ್ಟು ದಿನ ಮಣ್ಣಿನ ಮನೆ ಸಾಕು, ಸತ್ತ ಮೇಲೆ ಮಾತ್ರ ಕಲ್ಲಿನದೇ ಆಗಬೇಕು. ಅದಕ್ಕೇ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಗೋರಿಗೆ ಕೈಹಾಕಿ, ವಾರಕ್ಕೊಮ್ಮೆ ಬಂದು, ಇನ್ನೂ ಮುಗಿದಿಲ್ಲವಾ ಎಂದು ಗದರಿಸಿ ಹೋಗುತ್ತಿದ್ದರು.

ಎತ್ತನ್ನು ಕಡಿಯುವವರು ಕತ್ತಿ ಮಸೆಯುವಷ್ಟರಲ್ಲಿ ವೆಹೆಮ್ಕಾ ನೆರಳು ಹುಡುಕಿಕೊಂಡು ಪಕ್ಕದ ಅರೆಮುಗಿದ ಗೋರಿಯೊಳಗೆ ತಲೆ ಹಾಕಿದ. ಗೋಡೆಯ ಮೇಲೆ ಒಂದು ಹಸು ಕರು ಹಾಕುತ್ತಿತ್ತು. ಅವನು ನೋಡಿದ, ಹತ್ತಿರ ಹೋಗಿ ಇನ್ನೊಮ್ಮೆ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾವನೋ ಅವನು?" ಅಟ್ಟಣಿಗೆಯ ಮೇಲಿಂದ ಒಂದು ಮುದಿ ದನಿ ಕೇಳಿತು. ದಿಣ್ಣೆಯ ಕಲ್ಲುಕುಟಿಗರಿಗೆಲ್ಲ ಮೇಸ್ತ್ರಿಯಾದ ಇರೆನಖ್ತಿಯ ದನಿ ಅದು.

"ನಾನು ಬುದ್ಧಿ, ದನ ಕಾಯೋನು."

"ಇಲ್ಲೇನ್ ನಿನ್ನ ಮಾವನ ಮದುವೆ ನಡೀತಿದೆಯಾ, ಹಂಗ್ ನಗೋಕೆ?"

"ಈ ಹಸಿನ ಹಿಂಗಾಲು ನೋಡಿ ಬುದ್ಧಿ. ನಮ್ಮಜ್ಜಿ ಏಣಿ ಹತ್ತೋವಾಗ ಕಾಲು ಹಿಂಗೇ ಮಡಚ್ತಾಳೆ. ಹಸ ಹಿಂಗ್ ನಿಂತ್ರೆ ಕರ ಹಾಕೋದು ಹಂಗಿರ್ಲಿ, ಸಗಣೀನೂ ಹಾಕಾಕಿಲ್ಲ."

ಮೇಸ್ತ್ರಿ ಕೆಳಗಿಳಿದು ಬಂದ. ಹಸು ಅವನ ಕೈಯದೇ. ಒಂದು ಏಟು ಬೀಳುತ್ತದೆಂದು ವೆಹೆಮ್ಕಾ ಬೆನ್ನು ಬಗ್ಗಿಸಿ ನಿಂತ. ಮೇಸ್ತ್ರಿ ನೆಲದಿಂದ ಒಂದು ಕಲ್ಲಿನ ಚೂರನ್ನೂ ಇದ್ದಿಲ ತುಂಡನ್ನೂ ಎತ್ತಿಕೊಟ್ಟು, "ಬರಿ ಹಂಗಾದ್ರೆ" ಅಂದ. ವೆಹೆಮ್ಕಾ ಹುಟ್ಟಿದ ಮೇಲೆ ಇದ್ದಿಲಿನಿಂದ ಮಾಡಿದ್ದೆಂದರೆ ಮೀನು ಸುಡುವುದೊಂದೇ. ಗೆರೆ ಸೊಟ್ಟಪಟ್ಟ ಬಂತು. ಕಾಲು ಮಾತ್ರ ಹಸುವಿನದಾಗಿತ್ತು. ಭಾರವನ್ನೆಲ್ಲ ಹಿಂದಕ್ಕೆ ಊರಿ, ಗೊರಸು ಅಗಲಿಸಿಕೊಂಡು, ನೋವಿಗೆ ನಡುಗುವ ಕಾಲು. ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿ, "ನಿಮ್ಮಪ್ಪನಿಗೆ ಹೇಳಿ ಕಳ್ಸು, ದನ ಕಾಯೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಲಿ ಅಂತ" ಅಂದ.

ಮೊದಲ ಎರಡು ವರ್ಷ ವೆಹೆಮ್ಕಾ ಗಾರೆ ಕಲೆಸಿದ, ಮರಳು ಹಾಕಿ ಗೋಡೆ ಉಜ್ಜಿದ. ಆಮೇಲೆ ತಾಮ್ರದ ಉಳಿ ಕೈಗೆ ಬಂತು. ಗೋಡೆಯ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದವನು ಶೆಪ್ಸಿ ಎಂಬ ಚಿತ್ರಗಾರ. ಉದ್ದ ಕುತ್ತಿಗೆಯ, ಯಾವಾಗಲೂ ನೆಗಡಿಯಾದವನಂತೆ ಮಾತಾಡುವ ಮನುಷ್ಯ. ಅವನು ಎಳೆದ ಗೆರೆಯ ಹೊರಗಿನ ಕಲ್ಲನ್ನು ಕುಟಿಗರು ಕೆತ್ತಿ ತೆಗೆದರೆ ಒಳಗಿನದು ಉಬ್ಬಿ ನಿಲ್ಲುತ್ತದೆ. ತೆಗೆದ ಕಲ್ಲನ್ನು ಮತ್ತೆ ಇಡಲು ಬರುವುದಿಲ್ಲ. ಈ ಕಸುಬಿನ ಕಷ್ಟವೆಲ್ಲ ಇಷ್ಟೇ.

"ಕೇಳಿಲ್ಲಿ" ಎಂದು ಇರೆನಖ್ತಿ ಶುರುವಿನಲ್ಲೇ ಹೇಳಿಕೊಟ್ಟಿದ್ದ. "ಧಣಿ ಅಂದ್ರೆ ಎಲ್ಲಾ ಧಣಿಗಳ ಥರ ಇರ್ಬೇಕು. ಅಗಲ ಭುಜ, ಸಣ್ಣ ಸೊಂಟ, ಕೈಲಿ ಕೋಲು. ಹೊಟ್ಟೆ ಎಷ್ಟೇ ಮುಂದಿರ್ಲಿ, ನೀನದನ್ನ ನೋಡಿಲ್ಲ. ಕತ್ತೆ ಅಂದ್ರೆ ಮಾತ್ರ ಆ ಕತ್ತೇನೇ ಆಗ್ಬೇಕು."

ವೆಹೆಮ್ಕಾನಿಗೆ ಧಣಿಗಳು ಒಗ್ಗಲಿಲ್ಲ. ಕತ್ತೆ ಒಗ್ಗಿತು. ಕಣಕ್ಕೆ ಹೋಗಲಾರೆನೆಂದು ನಾಲ್ಕು ಕಾಲೂರಿ ನಿಂತ ಕತ್ತೆ, ಅದರ ಕಿವಿ ಹಿಡಿದು ಒಬ್ಬ ಎಳೆಯುವುದು, ಬಾಲದ ಕಡೆಯಿಂದ ಇನ್ನೊಬ್ಬ ಬಡಿಯುವುದು. ನದಿ ದಾಟುವ ದನಗಳ ಸಾಲು, ಮುಂದೆ ದೋಣಿಯಲ್ಲಿ ಕರುವನ್ನು ಹೆಗಲ ಮೇಲೆ ಹೊತ್ತ ಗೋವಳ, ಕರು ಹಿಂದಿರುಗಿ ತಾಯಿಯ ಕಡೆಗೆ ಬಾಯಿ ತೆರೆದಿರುವುದು, ನೀರಡಿಯಲ್ಲಿ ಮೊಸಳೆ ಮದುವೆ ಮನೆಯಲ್ಲಿ ಎಲೆ ಹಾಕುವುದನ್ನೇ ಕಾಯುವವನ ಹಾಗೆ ಸುಮ್ಮನೆ ಬಿದ್ದಿರುವುದು. ಇಂಥವಕ್ಕೆ ದಿಣ್ಣೆಯ ಮೇಲೆ ಯಾವ ಗೋರಿಯಾದರೂ ವೆಹೆಮ್ಕಾನನ್ನೇ ಕರೆಯತೊಡಗಿದರು. ಜೌಗಿನ ಕೆಸರಲ್ಲಿ ದಿನಗಟ್ಟಲೆ ಕೂತು ಪ್ರಾಣಿಗಳನ್ನು ನೋಡಿಕೊಂಡು ಬಂದೇ ಅವನು ಉಳಿ ಹಿಡಿಯುತ್ತಿದ್ದದ್ದು. ಹಾಗಾಗಿ ಕತ್ತೆಯಿಂದ ಒದೆಸಿಕೊಂಡಿದ್ದ, ಬೆಕ್ಕಿನಿಂದ ಪರಚಿಸಿಕೊಂಡಿದ್ದ, ಕೊಕ್ಕರೆಯೊಂದು ಅವನ ಹುಬ್ಬನ್ನು ಮೀನೆಂದು ತಿಳಿದು ಕುಕ್ಕಿದ ಗುರುತು ಕೊನೆಯತನಕ ಇತ್ತು.

ಮದುವೆಯಾದದ್ದೂ ಹೀಗೆಯೇ. ಪಟ್ಟಣದಲ್ಲಿ ಹೆನುತ್ ಎಂಬ ಹುಡುಗಿಯ ಅಪ್ಪನ ಹಿತ್ತಲಲ್ಲಿ ಒಂದು ಗಂಡು ಹೆಬ್ಬಾತು ಇತ್ತು, ಬಹಳ ಠೀವಿಯದು. ವೆಹೆಮ್ಕಾ ಹತ್ತು ದಿನ ಬೇಲಿಯಾಚೆ ಕೂತ. ಹನ್ನೊಂದನೆಯ ದಿನ ಹುಡುಗಿಯ ಅಪ್ಪ ಹೊರಗೆ ಬಂದು, ಒಳಗೆ ಬಾ, ಮಾತಾಡೋಣ ಅಂದ. ಒಳಗೆ ಹೋಗಿ ಕೂತ ಮೇಲೆಯೇ ಯಾವ ವಿಷಯ ಮಾತಾಡುತ್ತಿದ್ದಾರೆಂದು ಇವನಿಗೆ ತಿಳಿದದ್ದು. ಇಲ್ಲವೆನ್ನಲು ಧೈರ್ಯ ಬರಲಿಲ್ಲ; ಹುಡುಗಿಯನ್ನು ನೋಡಿದ ಮೇಲೆ ಇಲ್ಲವೆನ್ನುವ ಮನಸ್ಸೂ ಬರಲಿಲ್ಲ.

"ಬಾತು ನೋಡಕ್ ಬಂದೋನು ಅಂತ ಮೊದ್ಲೇ ಬಾಯ್ಬಿಟ್ಟಿದ್ರೆ, ಹತ್ತು ದಿನ ನಾನು ತಲೆ ಬಾಚ್ಕೊಳೋ ಶ್ರಮ ಉಳೀತಿತ್ತು" ಎಂದು ಹೆನುತ್ ಮುಂದೆ ಮೂವತ್ತು ವರ್ಷ ಹೇಳಿದಳು.

ಅವನಿಗೆ ನಲವತ್ತೈದಾದಾಗ, ಇರೆನಖ್ತಿ ತೀರಿಕೊಂಡು ಬಹಳ ಕಾಲವಾಗಿದ್ದಾಗ, ಉಸೆರ್ಕಾ ಧಣಿಯ ಗೋರಿಯ ಕೆಲಸ ಬಂತು. ಉಸೆರ್ಕಾ ಅರಸನ ಹಕ್ಕಿಕೊಟ್ಟಿಗೆಗಳ ಮೇಲಧಿಕಾರಿ. ನಾಡಿನಲ್ಲಿ ಅರಸನಿಗೆ ಸೇರಿದ ಹೆಬ್ಬಾತು, ಕೊಕ್ಕರೆ, ಪಾರಿವಾಳ ಎಲ್ಲವೂ ಅವನ ಹತೋಟಿಯಲ್ಲಿ. ಗೋರಿಯ ಉದ್ದಗೋಡೆಯಲ್ಲಿ ಉಳಿದ ಪ್ರಾಣಿಗಳಿಗಿಂತ ಹಕ್ಕಿಗಳಿಗೇ ಹೆಚ್ಚು ಜಾಗ ಇರಬೇಕೆಂದು ಮಾತಾಯಿತು. ಆಳುಗಳು ಬಾತುಗಳ ಕುತ್ತಿಗೆ ಹಿಡಿದು ಹಿಟ್ಟಿನ ಉಂಡೆ ತಿನ್ನಿಸುವುದು, ಉಂಡೆ ತಿಂದವು ಕೊಳದ ಕಡೆ ಓಡುವುದು. ವೆಹೆಮ್ಕಾ ನಾಲ್ಕು ವರ್ಷ ಅದರ ಮೇಲೆ ಕೂತ. ಅರವತ್ತು ಬಾತು ಕೆತ್ತಿದ, ಒಂದರಂತೆ ಒಂದಿಲ್ಲ. ಸಾಲಿನ ಮೊದಲಿನದು ಆಳಿನ ಕೈ ತಪ್ಪಿಸಿಕೊಂಡು, ಕುತ್ತಿಗೆ ನೀಳವಾಗಿ ಚಾಚಿ, ನಾಲಿಗೆ ಹೊರಗೆ ಹಾಕಿ, ಬಾಗಿಲಿಂದ ಒಳಗೆ ಬರುವವರ ಮೇಲೆ ಬುಸುಗುಟ್ಟುತ್ತಿತ್ತು.

ಉಸೆರ್ಕಾ ಕೆಲಸ ನೋಡಲು ಬಂದ. ನಾಲ್ವರು ಹೊತ್ತ ಡೋಲಿಯಿಂದ ಇಳಿದು, ತೊಡೆ ಉಜ್ಜಿಕೊಂಡು, ಮೊದಲು ತನ್ನ ಚಿತ್ರಗಳನ್ನು ನೋಡಿದ. ಮೂರು ಗದ್ದದ ಮನುಷ್ಯ. ಗೋಡೆಯ ಮೇಲೆ ಹುಲ್ಲೆಯ ಹಾಗೆ ನಿಂತಿದ್ದ. ಬಹಳ ಚೆನ್ನಾಗಿ ಹೋಲುತ್ತದೆ ಎಂದು ತಲೆಯಾಡಿಸಿದ. ಆಮೇಲೆ ಹಿಂದಿರುಗಿದವನು ಎದುರಿಗೇ ಆ ಬಾತನ್ನು ಕಂಡು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬೀಸಣಿಗೆಯವನ ಕಾಲು ತುಳಿದ.

"ಇದ್ಯಾಕೆ ನನ್ನೇ ನೋಡ್ತಿದೆ?"

"ಬಾತಿಗೆ ಕಣ್ಣು ಪಕ್ಕದಲ್ಲಿರ್ತವೆ ಧಣಿ. ಎಲ್ ನಿಂತ್ರೂ ನೋಡ್ತದೆ" ಅಂದ ವೆಹೆಮ್ಕಾ.

"ಬಾಯಿ ಯಾಕ್ ತೆಗ್ದಿದೆ?"

"ಅದಕ್ಕೆ ತಮ್ಮ ಪರಿಚಯ ಇಲ್ಲ."

ಪರಿಚಯ ಇಲ್ಲದ್ದು ನಿಜವೇ. ಇಪ್ಪತ್ತು ವರ್ಷದಿಂದ ಹಕ್ಕಿಕೊಟ್ಟಿಗೆಗಳ ಅಧಿಕಾರಿಯಾಗಿದ್ದವನು ಯಾವ ಕೊಟ್ಟಿಗೆಯ ಬಾಗಿಲನ್ನೂ ದಾಟಿರಲಿಲ್ಲ. ಚಿಕ್ಕಂದಿನಲ್ಲಿ ಒಂದು ಗಂಡು ಬಾತು ಅವನನ್ನು ಅಟ್ಟಿಸಿಕೊಂಡು ಹೋಗಿ ಹೇಳಬಾರದ ಜಾಗದಲ್ಲಿ ಕಚ್ಚಿ ಹಿಡಿದಿತ್ತಂತೆ. ಅಂದಿನಿಂದ ಬಾತು ಕಂಡರೆ ಅವನು ಬೇರೆ ದಾರಿ ಹಿಡಿಯುತ್ತಿದ್ದ. ಈ ಗುಟ್ಟು ಅರಸನೊಬ್ಬನನ್ನು ಬಿಟ್ಟು ಪಟ್ಟಣದಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಹೋತೆಪಿ ಎಂಬ ಪುರೋಹಿತ ಬಂದು ಸೇರಿಕೊಂಡ. ಮಂತ್ರ ಓದುವವನು, ಹೆಗಲ ಮೇಲೆ ಚಿರತೆ ಚರ್ಮ. ಆ ಕಾಲದಲ್ಲಿ ಪುರೋಹಿತರೊಳಗೆ ಒಂದು ಹೊಸ ವಿಚಾರ ಓಡಾಡುತ್ತಿತ್ತು. ಅಲ್ಲಿಯ ಬರಹದಲ್ಲಿ ಅಕ್ಷರಗಳೇ ಪ್ರಾಣಿಗಳು. ಗೂಬೆಯೊಂದು ಅಕ್ಷರ, ಸಿಂಹವೊಂದು ಅಕ್ಷರ, ಕೊಂಬಿನ ಹಾವೊಂದು ಅಕ್ಷರ. ಹೆಣ ಇಡುವ ಒಳಕೋಣೆಯ ಬಾಗಿಲು ಮುಚ್ಚಿದ ಮೇಲೆ ಅವಕ್ಕೆ ಜೀವ ಬಂದು, ಸತ್ತವನ ಊಟ ತಿಂದು, ಅವನನ್ನೂ ತಿಂದರೆ? ಆದ್ದರಿಂದ ಹಾವಿನ ಕುತ್ತಿಗೆ ಕತ್ತರಿಸಬೇಕು, ಗೂಬೆಯ ಕಾಲು ತೆಗೆಯಬೇಕು, ಸಿಂಹವನ್ನು ನಡುವಿಗೆ ಎರಡು ತುಂಡು ಮಾಡಬೇಕು.

"ಬುದ್ಧಿ, ಎರಡು ತುಂಡು ಮಾಡಿದ್ರೂ ಮುಂದಿನ ತುಂಡಿಗೆ ಬಾಯಿ ಇದ್ದೇ ಇರ್ತದಲ್ಲ?" ಎಂದು ವೆಹೆಮ್ಕಾ ಕೇಳಿದ.

ಹೋತೆಪಿ ಹೆಗಲ ಚರ್ಮ ಸರಿಮಾಡಿಕೊಂಡ. "ಬಾಯಿ ಇರುತ್ತೆ. ಹೊಟ್ಟೆ ಇರಲ್ಲ. ಹೊಟ್ಟೆ ಇಲ್ದೋರಿಗೆ ಹಸಿವಾಗಲ್ಲ."

"ಹಂಗಾದ್ರೆ ಧಣಿಗಳ ಹೆಸರಿನ ಗತಿ ಏನು? ಅದನ್ನ ಬರೆಯೋದೇ ನರಿ ತಲೆಯಿಂದ. ಅದಕ್ಕೆ ಮುಂಡಾನೇ ಇಲ್ಲ, ಬರೀ ತಲೆ, ಕುತ್ತಿಗೆ. ಇನ್ನೇನ್ ಕಡಿಯೋಣ?"

"ಅದು ಕಚ್ಚಲ್ಲ. ಅದು ನಮ್ಮನೆ ಹೆಸರು" ಎಂದ ಉಸೆರ್ಕಾ ಬೇಸರದಿಂದ. ಆಮೇಲೆ ಉದ್ದಗೋಡೆಯ ಕಡೆಗೆ ಓರೆಗಣ್ಣು ಹಾಯಿಸಿ, "ಒಳಗಿನದು ಸರಿ. ಹೊರಗಿನ ಗೋಡೇದಕ್ಕೂ ಹಾಗೇ ಮಾಡ್ಸಿಬಿಡಿ. ಯಾಕೆ ಅಪಾಯ?" ಅಂದ.

ವೆಹೆಮ್ಕಾ ಗೋಡೆಗೆ ಅಡ್ಡ ನಿಂತ. "ಧಣಿ, ಹಸಿನ ಕಾಲು ಕಡಿದ್ರೆ ತಮಗೆ ಅಲ್ಲಿ ಹಾಲು ಕೊಡೋರ್ಯಾರು? ಎತ್ತನ್ನ ಎರಡು ಮಾಡಿದ್ರೆ ಹೊಲ ಉಳೋದು ಯಾವ ತುಂಡು?"

ಇದು ಹೋತೆಪಿಗೂ ಸರಿಯೆನಿಸಿತು. ಅಪಾಯದವು ಯಾವುವು, ಅಲ್ಲದವು ಯಾವುವು ಎಂದು ಒಂದೊಂದಾಗಿ ನೋಡಿ ತೀರ್ಮಾನ ಮಾಡೋಣವೆಂದ. ಮೂವರೂ ಗೋಡೆಯುದ್ದಕ್ಕೂ ನಡೆದರು. ಶೆಪ್ಸಿ ಕೆಂಪು ಬಣ್ಣದ ಕುಂಚ ಹಿಡಿದು ಹಿಂದೆ. ಮೊಸಳೆ, ನೀರಾನೆ, ಕತ್ತೆಕಿರುಬ ಇವುಗಳಿಗೆ ಚರ್ಚೆಯೇ ಬೇಕಾಗಲಿಲ್ಲ. ಕತ್ತೆ ಒದೆಯುತ್ತದೆ, ಕಡಿಯಬೇಕು. ಮುಳ್ಳು ಮೈಯ ಇಲಿ ಚುಚ್ಚುತ್ತದೆ, ಕಡಿಯಬೇಕು. ಮಿಡತೆ ಬೆಳೆ ತಿನ್ನುತ್ತದೆ, ಅದನ್ನೂ ಕಡಿಯಬೇಕು. ಚಿಟ್ಟೆಯ ವಿಷಯದಲ್ಲಿ ಪುರೋಹಿತನಿಗೂ ಧಣಿಗೂ ಅಭಿಪ್ರಾಯ ಕೂಡಲಿಲ್ಲ. ಆಮೇಲೆ ನೋಡೋಣವೆಂದು ಬಿಟ್ಟರು.

"ಬಾತು?" ಅಂದ ಹೋತೆಪಿ.

"ಅದು ಎಲ್ಲಕ್ಕಿಂತ ಮೊದ್ಲು" ಅಂದ ಉಸೆರ್ಕಾ. "ಅರವತ್ತೂ."

ವೆಹೆಮ್ಕಾನಿಗೆ ನಾಲಿಗೆ ತಡೆಯಲಾಗಲಿಲ್ಲ. ಗೋಡೆಯ ಕೊನೆಯಲ್ಲಿ ಕಂದಾಯ ಕೊಡದ ಹಳ್ಳಿಗೌಡರನ್ನು ನೆಲಕ್ಕೆ ಬಗ್ಗಿಸಿ ಗುಮಾಸ್ತರು ಕೋಲಿನಿಂದ ಬಡಿಯುವ ಚಿತ್ರವಿತ್ತು. ಎಲ್ಲ ಗೋರಿಗಳಲ್ಲೂ ಇರುವ ಚಿತ್ರ. "ಧಣಿ, ಅಪಾಯದ ಪ್ರಾಣಿ ಅಂದ್ರೆ ಈ ಗೋಡೇಲಿ ಈ ಕೋಲು ಹಿಡಿದೋರೇ. ಇವರ ಕೈಯೂ ತೆಗೀಲಾ?"

ಬೀಸಣಿಗೆಯವನಿಗೆ ಕೆಮ್ಮು ಬಂತು. ಶೆಪ್ಸಿ ಛಾವಣಿ ನೋಡತೊಡಗಿದ.

"ಅವರು ನಮ್ಮೋರು" ಎಂದು ಉಸೆರ್ಕಾ ಡೋಲಿ ಹತ್ತಿದ. "ಈ ಸಲದ ನದಿ ನೆರೆ ಇಳಿಯೋದ್ರೊಳಗೆ ಮುಗಿಸ್ಬೇಕು."

ಮರುದಿನ ವೆಹೆಮ್ಕಾ ಉಳಿಯನ್ನು ಮೊದಲ ಬಾತಿನ ಕಾಲಿಗೆ ಇಟ್ಟ. ಕೊಡತಿಯಿಂದ ನಾಲ್ಕೇ ಏಟು. ಪಾದ ಎರಡೂ ಪುಡಿಯಾಗಿ ಉದುರಿದವು. ಎರಡನೆಯ ಬಾತಿನ ಹತ್ತಿರ ಹೋಗಿ ಕೂತ, ಕೂತೇ ಇದ್ದ. ಶೆಪ್ಸಿ ಬಂದು ಹೆಗಲು ಮುಟ್ಟಿದಾಗ ಬಿಸಿಲು ಇಳಿದಿತ್ತು. ಸುಮಾರು ಮೂವತ್ತು ವರ್ಷದಲ್ಲಿ ಎಷ್ಟೋ ಗೋರಿಗಳ ಧಣಿಗಳು ಅವನ ಕೆಲಸವನ್ನು ಬೈದಿದ್ದರು, ಅವನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈ ಸಲ ಮನೆಗೆ ಬಂದವನು ಈರುಳ್ಳಿ, ಒಣಮೀನು ಮುಂದಿಟ್ಟರೂ ಮುಟ್ಟಲಿಲ್ಲ.

"ಏನಾಯ್ತು?" ಅಂದಳು ಹೆನುತ್. ಅವನು ಹೇಳಿದ.

"ನಿನಗೆ ಬುದ್ಧಿ ಇಲ್ಲ. ಗಂಡಸರ ಹತ್ರ ಹೋಗಿ ಹಸ, ಹಾಲು ಅಂತ ವಾದ ಮಾಡ್ತಾ ಕೂತಿದೀಯ. ಆ ಗೋರೀಲಿ ಆಯಪ್ಪ ಒಬ್ಬನೇ ಮಲಗ್ತಾನಾ?"

"ಅಂದ್ರೆ?"

"ಉಣ್ಣು ಮೊದ್ಲು."

ಉಸೆರ್ಕಾನ ಮನೆಯ ರೊಟ್ಟಿ ಸುಡುವವಳು ಹೆನುತಳಿಗೆ ಬೇಕಾದವಳು. ಒಲೆಯಿಂದ ಒಲೆಗೆ ಹೋದ ಸುದ್ದಿ ನಾಲ್ಕೇ ದಿನದಲ್ಲಿ ಧಣಿಯ ಹೆಂಡತಿ ಮೆರೆತಳ ಕಿವಿ ಮುಟ್ಟಿತು. ಐದನೆಯ ದಿನ ಆಕೆ ಡೋಲಿಗೂ ಕಾಯದೆ ಕತ್ತೆ ಹತ್ತಿಕೊಂಡು ದಿಣ್ಣೆಗೆ ಬಂದಳು. ಕುಳ್ಳು ಹೆಂಗಸು, ಕಣ್ಣಿಗೆ ದಪ್ಪ ಕಾಡಿಗೆ, ಮಾತಿಗೆ ತಡೆಯಿಲ್ಲ. ಸೀದಾ ಮೊದಲ ಬಾತಿನ ಮುಂದೆ ನಿಂತಳು.

"ಇದರ ಕಾಲೆಲ್ಲಿ?"

"ಧಣಿ ತೆಗೆಸಿದ್ರು ಅಮ್ಮಾವ್ರೆ."

"ನಿಮ್ಮ ಧಣಿ ಹುರಿದ ಬಾತು ತಟ್ಟೇಲಿಟ್ರೂ ತಲೆ ಇದ್ಯಾ ಅಂತ ನೋಡೇ ಕೂರೋದು. ಮದುವೆಯಾದ ವರ್ಷಾನೇ ಗೊತ್ತಾಯ್ತು ನಂಗೆ. ಹೋಗ್ಲಿ, ನನ್ನ ಪಾಡೇನು? ನಾನೂ ಇಲ್ಲೇ ಮಲಗ್ಬೇಕಲ್ಲ. ಅದೂ ಒಂದು ವರ್ಷ, ಎರಡು ವರ್ಷ ಅಲ್ಲ. ಕಾಲಿಲ್ಲದ ಬಾತು, ನಡ ಇಲ್ಲದ ಕತ್ತೆ, ಇವುಗಳ ಮಧ್ಯೆ ಈ ಮನುಷ್ಯನ ಮುಖ ನೋಡ್ಕೊಂಡು ಬಿದ್ದಿರು ಅಂದ್ರೆ ನನ್ನ ಕೈಲಾಗಲ್ಲ."

"ಪುರೋಹಿತರು ಅಪಾಯ ಅಂದ್ರು..."

"ಆ ಹೋತೆಪಿ ಹೆಗಲ ಮೇಲೆ ಹಾಕ್ಕೊಂಡು ತಿರುಗ್ತಾನಲ್ಲ ಚಿರತೆ, ಅದೇನ್ ಹುಟ್ಟಿದಾಗ್ಲಿಂದ ಚರ್ಮವಾಗೇ ಇತ್ತಾ? ಅದು ಎದ್ದು ಬರ್ಲಿ ಮೊದ್ಲು, ಆಮೇಲೆ ಬಾತಿನ ಮಾತು."

ಧಣಿಯ ಮನೆಯೊಳಗೆ ಅಂದು ಏನು ಮಾತಾಯಿತೋ ಯಾರೂ ಕೇಳಿಸಿಕೊಂಡಿಲ್ಲ. ಮರುದಿನ ಉಸೆರ್ಕಾನಿಂದ ಹೊಸ ಅಪ್ಪಣೆ ಬಂತು: ಒಳಕೋಣೆಯ ಅಕ್ಷರಗಳನ್ನು ಪುರೋಹಿತರು ಹೇಳಿದಂತೆ ಕಡಿಯುವುದು, ಹೊರಗಿನ ಗೋಡೆಯನ್ನು ಇದ್ದ ಹಾಗೆಯೇ ಬಿಡುವುದು. ಪಾದ ಹೋದ ಬಾತಿನ ಕಾಲ ಕೆಳಗೆ ಶೆಪ್ಸಿ ಅಲೆಗಳನ್ನು ಬರೆದ, ವೆಹೆಮ್ಕಾ ಕೆತ್ತಿದ. ಓಡುತ್ತಿದ್ದ ಬಾತು ಈಜತೊಡಗಿತು. ಇನ್ನೂ ರೋಷವಾಗಿ ಕಾಣುತ್ತದೆಂದು ಮೆರೆತಳಿಗೆ ಬಹಳ ಹಿಡಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮೆರೆತಳಿಗೆ ಗೋಡೆಯ ಚಿತ್ರದಲ್ಲಿ ತಾನು ಕೂತ ಕುರ್ಚಿಯ ಕೆಳಗೆ ತನ್ನ ಕೋತಿಯೂ ಇರಬೇಕೆನಿಸಿತು. ತೆಂಕಣ ನಾಡಿನಿಂದ ಬಂದ ಹಸಿರು ಬಣ್ಣದ ಕೋತಿ, ಹೆಸರು ಬೆನೆರ್, ಅಂದರೆ ಸಿಹಿ. ಕೊರಳಿಗೆ ಚಿನ್ನದ ಪಟ್ಟಿ. ಅದರ ಹಾಗೆಯೇ ಇರಬೇಕು, ಎಲ್ಲ ಕೋತಿಗಳ ಹಾಗಲ್ಲ ಎಂದಳು. ವೆಹೆಮ್ಕಾನಿಗೆ ಇದಕ್ಕಿಂತ ಸಂತೋಷದ ಮಾತಿರಲಿಲ್ಲ. ಶೆಪ್ಸಿಯನ್ನು ಕರೆದುಕೊಂಡು ಧಣಿಯ ಮನೆಯ ಅಂಗಳಕ್ಕೆ ಹೋಗಿ ಕೂತ. ಮೂರು ದಿನ ಕೋತಿ ಅಂಜೂರ ತಿನ್ನುವುದು, ಹೇನು ನೋಡುವುದು, ಆಳುಗಳ ತಲೆಯ ಮೇಲೆ ಉಚ್ಚೆ ಹೊಯ್ಯುವುದು ಎಲ್ಲ ಬರೆದಾಯಿತು. ಹಲ್ಲು ಮಾತ್ರ ಕಂಡಿರಲಿಲ್ಲ. ನಾಲ್ಕನೆಯ ದಿನ ವೆಹೆಮ್ಕಾ ಎಡಗೈಯಲ್ಲಿ ಅಂಜೂರ ಹಿಡಿದು ಚಾಚಿದ, ಕೋತಿ ಕೈ ನೀಡಿದಾಗ ಹಿಂದಕ್ಕೆಳೆದ. ಮತ್ತೆ ಚಾಚಿದ, ಮತ್ತೆ ಎಳೆದ. ಮೂರನೆಯ ಸಲ ಆ ಸಿಹಿ ಕೋತಿ ಅವನ ಹೆಬ್ಬೆರಳನ್ನು ಎಲುಬಿನ ತನಕ ಕಚ್ಚಿ ಹಿಡಿಯಿತು.

ನಾಲ್ಕು ಆಳುಗಳು ಸೇರಿ ಬಿಡಿಸಬೇಕಾಯಿತು. ರಕ್ತ ಸುರಿಯುತ್ತಿರುವಾಗ ವೆಹೆಮ್ಕಾ ಶೆಪ್ಸಿಗೆ ಹೇಳಿದ ಮಾತು ದಿಣ್ಣೆಯ ಮೇಲೆ ಬಹಳ ದಿನ ಓಡಾಡಿತು: "ಮೇಲ್ದುಟಿ ಎರಡು ಮಡಿಕೆ ಬೀಳ್ತದೆ. ಬರ್ಕೋ, ಮರೀಬೇಡ."

ವೈದ್ಯ ಮೊದಲ ದಿನ ಹಸಿ ಮಾಂಸ ಕಟ್ಟಿದ, ಆಮೇಲೆ ದಿನವೂ ಜೇನುತುಪ್ಪ. "ನಿನ್ನ ಕೈ ತಿಂದಷ್ಟು ಮಾಂಸ, ಜೇನು ನಮ್ಮನೆ ಹೊಟ್ಟೆ ಯಾವತ್ತೂ ಕಂಡಿಲ್ಲ" ಅಂದಳು ಹೆನುತ್. ಹಾಗೆನ್ನುತ್ತಲೇ ಹನ್ನೆರಡು ದಿನದ ಜ್ವರದಲ್ಲಿ ಅವನ ಹತ್ತಿರದಿಂದ ಏಳಲಿಲ್ಲ. ಜ್ವರ ಬಿಟ್ಟಿತು, ಜೀವ ಉಳಿಯಿತು. ಹೆಬ್ಬೆರಳು ಮಾತ್ರ ಒಣ ಕಡ್ಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು, ಮಡಚಲಿಲ್ಲ. ಬಲಗೈಯಲ್ಲಿ ಕೊಡತಿ ಹಿಡಿಯುವುದು ಯಾರಿಗಾದರೂ ಬರುತ್ತದೆ. ಉಳಿ ಹಿಡಿಯುವುದು ಎಡಗೈ, ಅದನ್ನು ತಿರುಗಿಸುವುದು ಹೆಬ್ಬೆರಳು.

ಹೋತೆಪಿ ನೋಡಲು ಬಂದ. "ನೀನು ಕಾಲು ಕಡಿದ ಬಾತು ಸೇಡು ತೀರಿಸ್ಕೊಂತು ನೋಡು."

"ಬಾತಲ್ಲ ಬುದ್ಧಿ, ಕೋತಿ. ಅದರ ಕೊರಳಲ್ಲಿ ಪಟ್ಟಿ ಇತ್ತು, ನಾನೇ ನೋಡಿದೀನಿ" ಅಂದ ವೆಹೆಮ್ಕಾ.

ಕೈ ವಾಸಿಯಾಯಿತೆಂದು ಒಂದು ದಿನ ದಿಣ್ಣೆಗೆ ಹೋಗಿ ಉಳಿ ಹಿಡಿದ. ಕೊಕ್ಕರೆಯೊಂದರ ಕೊಕ್ಕು ಬಾಕಿ ಇತ್ತು. ಮೂರನೆಯ ಏಟಿಗೆ ಉಳಿ ಜಾರಿ ಕೊಕ್ಕಿನ ತುದಿ ಹಾರಿಹೋಯಿತು. ಉಳಿಯನ್ನು ಕೆಳಗಿಟ್ಟು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಎಷ್ಟು ದಿನ ಮಲಗಿದನೆಂದರೆ ಹೆನುತ್ ಬೈಯುವುದನ್ನೂ ಬಿಟ್ಟಳು. ಆಮೇಲೆ ಶೆಪ್ಸಿ ಬಂದು, ಬೇರೊಬ್ಬ ಕುಟಿಗ ಕೋತಿಯ ಚಿತ್ರ ಮುಗಿಸಿದ್ದಾನೆ, ಒಮ್ಮೆ ನೋಡು ಬಾ ಎಂದು ಎಬ್ಬಿಸಿಕೊಂಡು ಹೋದ. ಮೆರೆತಳ ಕುರ್ಚಿಯ ಕೆಳಗೆ ಕೂತದ್ದು ಹೊಟ್ಟೆನೋವಿನ ಬೆಕ್ಕಿನ ಹಾಗಿತ್ತು. ವೆಹೆಮ್ಕಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಶೆಪ್ಸಿ ಹತ್ತಿರ ಹೋದ. ಅವನು ನಗುತ್ತಿದ್ದ, ಕಣ್ಣಿಂದ ನೀರೂ ಬರುತ್ತಿತ್ತು.

"ತುಟಿ ಹತ್ರ ಇನ್ನೂ ಒಂದು ಬೆರಳಷ್ಟು ಕಲ್ಲಿದೆ" ಅಂದ. "ಹೆನುತಳನ್ನ ಕರ್ಸು."

ಹೆನುತ್ ನಾರುಬಟ್ಟೆಯ ಪಟ್ಟಿ ತಂದು ಉಳಿಯನ್ನು ಅವನ ಅಂಗೈಗೆ ಬಿಗಿದು ಕಟ್ಟಿದಳು. ಉಳಿ ತಿರುಗಿಸಬೇಕಾದಾಗ ಅವನ ಮಣಿಕಟ್ಟು ಹಿಡಿದು ಅವಳೇ ತಿರುಗಿಸುವುದು.

"ಇನ್ನೂ ಕೆಳಗೆ. ಅಷ್ಟಲ್ಲ. ರೊಟ್ಟಿ ತಿರುವಿ ಹಾಕೋ ಹಂಗಲ್ಲ ಕಣೆ."

"ನೀನು ಬಡಿ ಸುಮ್ನೆ."

ಇಡೀ ದಿನಕ್ಕೆ ಎಷ್ಟು ಏಟು ಬಿದ್ದವೋ, ಬೆರಳಲ್ಲಿ ಎಣಿಸುವಷ್ಟು. ಸಂಜೆಗೆ ಕೋತಿಯ ಮೇಲ್ದುಟಿಯಲ್ಲಿ ಎರಡು ಮಡಿಕೆ ಬಿದ್ದು, ಹಲ್ಲು ಕಂಡಿತು. ಉಳಿದ ಮೈ ಬೆಕ್ಕಿನದೇ. ಆದರೆ ಆ ತುಟಿಯನ್ನು ನೋಡಿದವರು ಯಾರೂ ಕೈ ಚಾಚುತ್ತಿರಲಿಲ್ಲ. ವೆಹೆಮ್ಕಾ ಕಲ್ಲಿನ ಮೇಲೆ ಉಳಿಯಿಟ್ಟದ್ದು ಅದೇ ಕೊನೆ.

ಮೆರೆತ್ ಮಾತಿನಲ್ಲಿ ಬಿರುಸಾದರೂ ಮರೆಯುವವಳಲ್ಲ. ಗೋರಿಯ ಸೇವೆಗೆ ವೆಹೆಮ್ಕಾನನ್ನೇ ನೇಮಿಸಬೇಕೆಂದು ಗಂಡನಿಗೆ ಹೇಳಿದಳು. ಸತ್ತವನ ಹೆಸರಿನ ಹೊಲದಿಂದ ಬಂದ ರೊಟ್ಟಿ, ಜವೆಗೋಧಿಯ ಹೆಂಡವನ್ನು ದಿನವೂ ಗೋರಿಯ ಕಲ್ಲುಬಾಗಿಲ ಮುಂದೆ ಇಡುವುದು, ಸತ್ತವನು ಅದರ ಸಾರವನ್ನು ಉಂಡ ಮೇಲೆ ಉಳಿದದ್ದನ್ನು ಮನೆಗೆ ಕೊಂಡುಹೋಗುವುದು. ಸತ್ತವರು ಸಾರವನ್ನು ಮಾತ್ರ ಉಣ್ಣುವುದರಿಂದ ರೊಟ್ಟಿ ಇಟ್ಟಷ್ಟೇ ಇರುತ್ತದೆ. "ಇವನ ನಾಲಿಗೆ ನಂಗೆ ಸತ್ತ ಮೇಲೂ ತಪ್ಪಲಿಲ್ವಾ" ಎಂದು ಉಸೆರ್ಕಾ ಗೊಣಗಿದ. ಗೊಣಗಿ ಒಪ್ಪಿದ. ಎರಡು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ.

ಹೀಗೆ ವೆಹೆಮ್ಕಾನ ಉಳಿದ ಆಯುಷ್ಯ ತಾನೇ ಕೆತ್ತಿದ ಪ್ರಾಣಿಗಳ ನಡುವೆ ಕಳೆಯಿತು. ಬೆಳಿಗ್ಗೆ ಬಂದು ಕಸ ಗುಡಿಸಿ, ಕಲ್ಲುಬಾಗಿಲ ಮುಂದೆ ಮಂಡಿಯೂರಿ ವಿಧಿಯಂತೆ ಹೇಳುತ್ತಿದ್ದ: ಸಾವಿರ ರೊಟ್ಟಿ, ಸಾವಿರ ಗಡಿಗೆ ಹೆಂಡ, ಸಾವಿರ ಎತ್ತು, ಸಾವಿರ ಬಾತು. ಆಮೇಲೆ ದನಿ ತಗ್ಗಿಸಿ, "ಎರಡು ರೊಟ್ಟಿ ಧಣಿ, ಒಂದು ಸೀದಿದೆ. ಬಾತು ಇವತ್ತೂ ಇಲ್ಲ, ತಾವು ನೆಮ್ಮದಿಯಾಗಿರಿ" ಎನ್ನುವನು. ದಿಣ್ಣೆಗೆ ಬಂದವರು ಈ ಗೋರಿಗೆ ಒಂದು ಸುತ್ತು ಬಂದೇ ಹೋಗುತ್ತಿದ್ದರು. ಧಣಿಯ ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಹೆಂಗಸರು ಬಾತುಗಳಿಗೆ ಹೆಸರಿಟ್ಟಿದ್ದರು.

ಅವನ ಕೊನೆಯ ವರ್ಷಗಳಲ್ಲಿ ಒಂದು ಘಟನೆ ನಡೆಯಿತು. ಗೋರಿಯಲ್ಲಿ ಉಸೆರ್ಕಾನ ಮರದ ಪ್ರತಿಮೆಯನ್ನು ಒಂದು ಕಿರುಕೋಣೆಯಲ್ಲಿಟ್ಟು ಬಾಗಿಲಿಲ್ಲದೆ ಮುಚ್ಚಿದ್ದರು. ಧೂಪದ ಹೊಗೆ ಒಳಗೆ ಹೋಗಲು ಕಣ್ಣಿನ ಎತ್ತರಕ್ಕೆ ಒಂದು ಸೀಳು ಮಾತ್ರ. ಒಂದು ಜೊತೆ ಚಂದ್ರಮುಕುಟ ಹಕ್ಕಿಗಳು ಆ ಸೀಳಿನಿಂದ ನುಗ್ಗಿ ಪ್ರತಿಮೆಯ ತೊಡೆಯ ಮೇಲೆ ಗೂಡು ಮಾಡಿದವು. ನೋಡಲು ಕಿರೀಟ ಹೊತ್ತ ಹಕ್ಕಿ, ಗೂಡಿನ ಹತ್ತಿರ ಮಾತ್ರ ಮೂಗು ಮುಚ್ಚದೆ ಹೋಗುವ ಹಾಗಿಲ್ಲ. ವೆಹೆಮ್ಕಾ ನೋಡಿಯೂ ನೋಡದಂತೆ ಸುಮ್ಮನಿದ್ದ. ಹಬ್ಬದ ದಿನ ಹೋತೆಪಿ ಧೂಪ ಹಿಡಿದು ಬಂದ. ಅವನಿಗೂ ಈಗ ವಯಸ್ಸಾಗಿತ್ತು, ಚಿರತೆ ಚರ್ಮದಲ್ಲಿ ಕೂದಲು ಉದುರಿತ್ತು. ಬಗ್ಗಿ ಸೀಳಿಗೆ ಮುಖವಿಟ್ಟು, "ಓ ಉಸೆರ್ಕಾ, ಏಳು" ಎಂದು ಮಂತ್ರ ಶುರುಮಾಡಿದ. ಒಳಗೆ ಬುಸ್ಸೆಂದಿತು. ಚಂದ್ರಮುಕುಟದ ಮರಿಗಳಿಗೆ ಹೆದರಿಕೆಯಾದರೆ ತಿರುಗಿ ನಿಂತು ಗುರಿಯಿಟ್ಟು ಹಿಕ್ಕೆ ಹಾರಿಸುತ್ತವೆ. ಗುರಿ ತಪ್ಪುವುದು ಕಡಿಮೆ.

ಹೋತೆಪಿ ಮುಖ ಒರೆಸಿಕೊಂಡ. "ಒಳಗ್ಯಾರೋ ಇದಾರೆ."

"ಧಣಿ ಇದಾರೆ" ಅಂದ ವೆಹೆಮ್ಕಾ. "ತಾವೇ ಏಳಿ ಅಂದ್ರಲ್ಲ."

"ತಮಾಷೆ ಸಾಕು. ಹಕ್ಕಿ ಸೇರ್ಕೊಂಡಿದೆ. ಇವತ್ತೇ ಗಾರೆ ಹಾಕಿ ಮುಚ್ಚು ಇದನ್ನ."

"ಮುಚ್ಚಿದ್ರೆ ಧೂಪ ಹೋಗಲ್ಲ, ಬುದ್ಧಿ. ಧಣಿಗೆ ಉಸಿರುಕಟ್ಟಿದ ಪಾಪ ತಮ್ಮ ತಲೆಗೆ ಬರುತ್ತೆ."

ಹೋತೆಪಿ ಸೀಳಿನಿಂದ ಹಿಂದೆ ಸರಿದ. ಉಳಿದ ಮಂತ್ರವನ್ನು ನಾಲ್ಕು ಮಾರು ದೂರ ನಿಂತು ಮುಗಿಸಿ ಹೋದ.

ಮರಿಗಳು ಹಾರುವ ತನಕ ಇನ್ನೂ ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ವೆಹೆಮ್ಕಾ ಮಧ್ಯಾಹ್ನದ ಹೊತ್ತು ಸೀಳಿನ ಎದುರಿನ ನೆರಳಲ್ಲಿ ಕೂತು, ತಾಯಿ ಹಕ್ಕಿ ಹುಳು ಕಚ್ಚಿಕೊಂಡು ಬಂದು ಇಳಿಯುವುದನ್ನು ನೋಡಿದ. ಇಳಿಯುವಾಗ ತಲೆಯ ಗರಿಮುಡಿ ಬಿಚ್ಚುತ್ತದೆ, ಕಾಲು ಊರಿದ ಮೇಲೆ ಮಡಚುತ್ತದೆ. ಊಟದ ಬುತ್ತಿ ತಂದ ಹೆನುತ್ ಅವನ ಎಡಗೈ ತೊಡೆಯ ಮೇಲೆ ಉಳಿ ತಿರುಗಿಸುವ ಹಾಗೆ ತಾನಾಗಿ ಅಲುಗುವುದನ್ನು ಕಂಡಳು.

"ಏನ್ ನೋಡ್ತಿದೀಯ?"

"ಇಷ್ಟು ವರ್ಷ ಇದರ ಮುಡಿ ಕೆತ್ತಿದ್ದೀನಿ, ಎಲ್ಲಾ ತಪ್ಪು. ಹಾರೋವಾಗ ಬಿಚ್ಚಿರುತ್ತೆ ಅನ್ಕೊಂಡಿದ್ದೆ" ಎಂದ. ಬುತ್ತಿಯಿಂದ ರೊಟ್ಟಿ ಮುರಿದು, ಒಂದು ತುಣುಕು ಅವಳಿಗೆ ಕೊಟ್ಟು, "ಕೂತ್ಕೋ. ಈಗ ಬರುತ್ತೆ, ನೀನೂ ನೋಡು" ಅಂದ.